ಹಳೆಯ ಲ್ಯಾಪ್‌ಟಾಪಿಗೆ 3200ರ ರ‍್ಯಾಮ್ ಬೇಕೆ?

ಬೆಂಗಳೂರಿನ ಎಸ್.ಪಿ. ರೋಡಿರಲಿ, ನಿಮ್ಮೂರಿನ ಬಸ್ ಸ್ಟ್ಯಾಂಡ್ ಎದುರಿನ ರಿಪೇರಿ ಅಂಗಡಿಯಿರಲಿ, ಲ್ಯಾಪ್‌ಟಾಪಿಗೆ ರ‍್ಯಾಮ್ ಹಾಕಿಸಬೇಕೆಂದು ಹೋದವರಿಗೆ ಎದುರಾಗುವ ಪ್ರಶ್ನೆ ಎರಡು. ಎಷ್ಟು ಜಿಬಿ? ಯಾವ ಬಸ್? ಜಿಬಿ ಎಲ್ಲರಿಗೂ ಗೊತ್ತು. ‘ಬಸ್’ ಎಂದರೆ ಅಂಗಡಿಯವರ ಬಾಯಲ್ಲಿ ರ‍್ಯಾಮಿನ ವೇಗ: 1600, 2133, 2400, 2666, 3200. ಇಲ್ಲಿ ತಡವರಿಸುವ ಗಿರಾಕಿ ‘ಜಾಸ್ತಿ ಇರೋದೇ ಕೊಡಿ’ ಎಂದುಬಿಡುತ್ತಾನೆ. ಇನ್ನು ಕೆಲವರದು ಬೇರೆಯದೇ ಆಸೆ. ಈಗಿರುವ 8 ಜಿಬಿ ಸಾಕು, ಅದನ್ನೇ ತೆಗೆದು ಇನ್ನೂ ವೇಗದ 8 ಜಿಬಿ ಹಾಕಿಸಿದರೆ ಹಳೆಯ ಯಂತ್ರ ಚುರುಕಾಗಬಹುದಲ್ಲವೆ?

ಆಗುವುದಿಲ್ಲ. ಏಳೆಂಟು ವರ್ಷ ಹಳೆಯ ಲ್ಯಾಪ್‌ಟಾಪಿನಲ್ಲಿ ರ‍್ಯಾಮಿನ ವೇಗಕ್ಕೆಂದೇ ಹೆಚ್ಚಿಗೆ ದುಡ್ಡು ಕೊಟ್ಟರೆ ಅದು ದಂಡ. ಆದರೆ ಅದೇ ದುಡ್ಡನ್ನು ರ‍್ಯಾಮಿನ ಪ್ರಮಾಣಕ್ಕೆ, ಖಾಲಿ ಬಿದ್ದಿರುವ ಎರಡನೆಯ ಸ್ಲಾಟಿಗೆ ಹಾಕಿದರೆ ಯಂತ್ರದ ಗುಣವೇ ಬದಲಾಗಬಹುದು. ಇವೆರಡರ ನಡುವಿನ ವ್ಯತ್ಯಾಸವನ್ನು ಅಂಗಡಿಯಲ್ಲಿ ನಿಂತು ತಿಳಿದುಕೊಳ್ಳುವುದಕ್ಕಿಂತ ಮನೆಯಲ್ಲೇ ಕುಳಿತು ನೋಡಿಕೊಂಡು ಹೊರಡುವುದು ಒಳ್ಳೆಯದು.

ಒಂದು ಯಂತ್ರವನ್ನು ಮುಂದಿಟ್ಟುಕೊಂಡರೆ ಮಾತು ಸಲೀಸು. ಲೆನೊವೊ ಥಿಂಕ್‌ಪ್ಯಾಡ್ ಟಿ480 ತೆಗೆದುಕೊಳ್ಳೋಣ. 2018ರಲ್ಲಿ ಬಂದ ಮಾದರಿ. ಕಂಪನಿಗಳು ನೌಕರರಿಗೆ ಕೊಟ್ಟು, ಕೆಲವು ವರ್ಷದ ಮೇಲೆ ಸಗಟಾಗಿ ವಿಲೇವಾರಿ ಮಾಡಿದ್ದರಿಂದ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇವತ್ತಿಗೂ ಓಡಾಡುತ್ತಿರುವ ಲ್ಯಾಪ್‌ಟಾಪ್ ಅದು. ಒಳಗೆ ಇಂಟೆಲ್ 8ನೇ ಪೀಳಿಗೆಯ ಐ5-8250ಯು ಅಥವಾ 8350ಯು ಪ್ರೊಸೆಸರ್, ರ‍್ಯಾಮಿಗೆ ಎರಡು ಸ್ಲಾಟ್. ಎಷ್ಟೋ ಯಂತ್ರಗಳಲ್ಲಿ ಒಂದು ಸ್ಲಾಟಿನಲ್ಲಿ 8 ಜಿಬಿಯ ಡಿಡಿಆರ್4 ಸ್ಟಿಕ್ ಇರುತ್ತದೆ, ಇನ್ನೊಂದು ಖಾಲಿ.

ಈ ಯಂತ್ರಕ್ಕೆ 3200ರ ಸ್ಟಿಕ್ ತಂದು ಹಾಕಿದಿರಿ ಎನ್ನಿ. ಕೂರುತ್ತದೆ, ಆನ್ ಆಗುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೆ ಓಡುವುದು 2400ರಲ್ಲೇ. ರ‍್ಯಾಮ್ ಎಷ್ಟು ವೇಗದಲ್ಲಿ ಓಡಬೇಕೆಂದು ತೀರ್ಮಾನಿಸುವುದು ರ‍್ಯಾಮ್ ಅಲ್ಲ, ಪ್ರೊಸೆಸರಿನೊಳಗೇ ಇರುವ ಮೆಮೊರಿ ಕಂಟ್ರೋಲರ್. ಪ್ರತಿ ಸ್ಟಿಕ್ಕಿನ ಮೇಲೂ ಒಂದು ಪುಟ್ಟ ಚಿಪ್ ಇರುತ್ತದೆ. ಈ ಸ್ಟಿಕ್ ಎಷ್ಟೆಷ್ಟು ವೇಗದಲ್ಲಿ, ಎಂಥ ಹಂತಗಳಲ್ಲಿ ಓಡಬಲ್ಲದು ಎಂಬ ಪಟ್ಟಿ ಅದರಲ್ಲಿ ಬರೆದಿರುತ್ತದೆ. ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಬಯೋಸ್ ಆ ಪಟ್ಟಿಯನ್ನು ಓದುತ್ತದೆ, ಪ್ರೊಸೆಸರಿನ ಮಿತಿಯ ಜೊತೆ ಹೋಲಿಸುತ್ತದೆ, ಎರಡಕ್ಕೂ ಒಗ್ಗುವ ವೇಗವನ್ನು ಹಿಡಿಯುತ್ತದೆ. ಡೆಸ್ಕ್‌ಟಾಪ್ ಮದರ್‌ಬೋರ್ಡುಗಳಲ್ಲಿ ಈ ಮಿತಿ ಮೀರಿಸಲು ಎಕ್ಸ್‌ಎಂಪಿ ಎಂಬ ಸೌಲಭ್ಯ ಇರುವುದುಂಟು. ಸಾಮಾನ್ಯ ಲ್ಯಾಪ್‌ಟಾಪಿನ ಬಯೋಸ್‌ನಲ್ಲಿ ಅಂಥ ಬಾಗಿಲನ್ನೇ ಇಟ್ಟಿರುವುದಿಲ್ಲ.

ಹಾಗಾಗಿ ಮೊದಲು ತಿಳಿಯಬೇಕಾದ್ದು ನಿಮ್ಮ ಪ್ರೊಸೆಸರಿನ ಮಿತಿ. ಇಂಟೆಲ್‌ನ ‘ಯು’ ಸರಣಿಯನ್ನೇ ನೋಡಿದರೆ, 4 ಮತ್ತು 5ನೇ ಪೀಳಿಗೆಯ ಐ5-4200ಯು, 5200ಯು ತರಹದವು ಡಿಡಿಆರ್3ಎಲ್ 1600ಕ್ಕೆ ನಿಲ್ಲುತ್ತವೆ. 6 ಮತ್ತು 7ನೇ ಪೀಳಿಗೆಯ 6200ಯು, 7200ಯು ಡಿಡಿಆರ್4 ಹಾಕಿದರೆ 2133ರವರೆಗೆ. 8ನೇ ಪೀಳಿಗೆಯ 8250ಯು, 8265ಯು 2400ರವರೆಗೆ. 10ನೇ ಪೀಳಿಗೆಯಲ್ಲಿ ಇಂಟೆಲ್ ಎರಡು ಬಗೆಯ ಚಿಪ್‌ಗಳನ್ನು ಒಂದೇ ಹೆಸರಿನಡಿ ಮಾರಿದ್ದರಿಂದ ಸ್ವಲ್ಪ ಗೋಜಲು. ಐ5-10210ಯುಗೆ 2666, ಐ5-1035ಜಿ1ಗೆ 3200. 11ನೇ ಪೀಳಿಗೆಯ 1135ಜಿ7ಗೆ ಡಿಡಿಆರ್4 3200. ಎಎಂಡಿಯವರ ರೈಜನ್ 5 2500ಯು ಮತ್ತು 3500ಯು 2400ಕ್ಕೆ ನಿಂತರೆ, 4500ಯು, 5500ಯು 3200 ಮುಟ್ಟುತ್ತವೆ. ನಿಮ್ಮ ಯಂತ್ರದ ಪ್ರೊಸೆಸರ್ ಯಾವುದೆಂದು ಕೀಬೋರ್ಡಿನ ಪಕ್ಕ ಅಂಟಿಸಿರುವ ಚೀಟಿ ಪೂರ್ತಿ ಹೇಳುವುದಿಲ್ಲ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸಿಸ್ಟಂ’ ಕೆಳಗಿನ ‘ಅಬೌಟ್’ ಪುಟ ಹೇಳುತ್ತದೆ.

ಈಗ ವೇಗದ ಲೆಕ್ಕವನ್ನೇ ಸ್ವಲ್ಪ ಬಿಡಿಸಿ ನೋಡಬೇಕು, ಯಾಕೆಂದರೆ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಯ ಮಾಯೆ ಇರುವುದು ಇಲ್ಲೇ. 2400 ಎಂದರೆ ಸೆಕೆಂಡಿಗೆ 240 ಕೋಟಿ ಸಲ ದತ್ತಾಂಶ ಸಾಗಿಸುವ ಶಕ್ತಿ. ಒಂದು ಸಲಕ್ಕೆ 8 ಬೈಟ್. ಗುಣಿಸಿದರೆ ಸೆಕೆಂಡಿಗೆ 19.2 ಜಿಬಿ. ಅದೇ 3200ರ ಸ್ಟಿಕ್ 25.6 ಜಿಬಿ ಸಾಗಿಸಬಲ್ಲದು. ಮೂರನೇ ಒಂದು ಪಾಲು ಹೆಚ್ಚು. ಕಾಗದದ ಮೇಲೆ ಇದು ಕಡಿಮೆಯೇನಲ್ಲ.

ಆದರೆ ನಾವು ದಿನನಿತ್ಯ ಮಾಡುವ ಕೆಲಸಗಳಿಗೆ, ಅಂದರೆ ಬ್ರೌಸರ್, ವರ್ಡ್, ಎಕ್ಸೆಲ್, ಟ್ಯಾಲಿ, ನುಡಿಯಲ್ಲಿ ಟೈಪಿಂಗ್, ಆನ್‌ಲೈನ್ ಕ್ಲಾಸು ಇಂಥವಕ್ಕೆ ಒಂದೇ ಏಟಿಗೆ ಹತ್ತಾರು ಜಿಬಿ ಸಾಗಿಸುವ ಅಗತ್ಯ ಬೀಳುವುದು ಅಪರೂಪ. ಪ್ರೊಸೆಸರ್ ಕೇಳುವುದು ಚಿಕ್ಕ ಚಿಕ್ಕ ತುಣುಕುಗಳನ್ನು. ಕೇಳಿದ ತುಣುಕು ಎಷ್ಟು ಹೊತ್ತಿಗೆ ಬರಲು ಶುರುವಾಗುತ್ತದೆ ಎನ್ನುವುದೇ ಅಲ್ಲಿ ಮುಖ್ಯ. ಆ ಕಾಯುವಿಕೆಯನ್ನು ಹೇಳುವ ಅಂಕಿ ಬೇರೆಯೇ ಇದೆ, ಸಿಎಲ್ ಎಂದು ಬರೆದಿರುತ್ತಾರೆ. ಸಾಮಾನ್ಯ ಡಿಡಿಆರ್3 1600ರ ಸ್ಟಿಕ್ ಸಿಎಲ್ 11. ಡಿಡಿಆರ್4 2400ರದು ಸಿಎಲ್ 17. 3200ರದು ಸಿಎಲ್ 22. ಈ ಅಂಕಿ ಗಡಿಯಾರದ ಹೊಡೆತಗಳ ಲೆಕ್ಕ. ನಿಜವಾದ ಸಮಯಕ್ಕೆ ತಿರುಗಿಸಿದರೆ 1600ರ ಸ್ಟಿಕ್ ಕಾಯಿಸುವುದು 13.75 ನ್ಯಾನೊಸೆಕೆಂಡ್, 2400ರದು ಸುಮಾರು 14.2, 3200ರದು ಮತ್ತೆ 13.75. ವೇಗದ ಅಂಕಿ ದುಪ್ಪಟ್ಟಾದರೂ ಮೊದಲ ತುಣುಕಿಗೆ ಕಾಯುವ ಸಮಯ ಇದ್ದಲ್ಲೇ ಇದೆ. ಡಿಡಿಆರ್3 ಮಾನದಂಡ ಬಂದದ್ದು 2007ರಲ್ಲಿ, ಡಿಡಿಆರ್4ರದು 2012ರಲ್ಲಿ. ಇಷ್ಟು ವರ್ಷಗಳಲ್ಲಿ ಮೆಮೊರಿ ಉದ್ಯಮ ಸಾಗಣೆಯ ಪ್ರಮಾಣವನ್ನು ಏರಿಸುತ್ತ ಬಂತು, ಕಾಯುವ ಸಮಯವನ್ನು ಇಳಿಸಲಿಲ್ಲ. ಇದು ಪೆಟ್ಟಿಗೆಯ ಮೇಲೆ ಎಲ್ಲೂ ಬರೆದಿರುವುದಿಲ್ಲ.

3200ರ ಸ್ಟಿಕ್ಕನ್ನು ಟಿ480 ತನ್ನ 2400ಕ್ಕೆ ಇಳಿಸಿಕೊಂಡಾಗ ಸಿಎಲ್ ಕೂಡ 17ಕ್ಕೆ ಬಂದು ನಿಲ್ಲುತ್ತದೆ. ಅಂದರೆ ಅಲ್ಲಿ ಮೊದಲೇ ಇದ್ದ 2400ರ ಸ್ಟಿಕ್ಕಿಗೂ ಇದಕ್ಕೂ ವ್ಯತ್ಯಾಸ ಸೊನ್ನೆ. ಇನ್ನು ಮಿತಿಯೊಳಗೇ ಏರಿಸುವ ಜಾಗ ಇದ್ದರೂ, ಉದಾಹರಣೆಗೆ 2133ರ ಸ್ಟಿಕ್ ತೆಗೆದು 2400 ಹಾಕಿದರೂ, ಸಾಗಣೆ ಹೆಚ್ಚುವುದು ಎಂಟನೇ ಒಂದು ಪಾಲು. ಅದೂ ಕೆಲಸದಲ್ಲಿ ಪೂರ್ತಿ ಕಾಣಿಸಿಕೊಳ್ಳುವುದಿಲ್ಲ. ಪ್ರೊಸೆಸರಿನೊಳಗೇ ಕ್ಯಾಷ್ ಎಂಬ ಅತಿವೇಗದ ಮೆಮೊರಿ ಇದ್ದು (8250ಯುನಲ್ಲಿ 6 ಎಂಬಿ), ಪದೇ ಪದೇ ಬೇಕಾಗುವುದನ್ನೆಲ್ಲ ಅದೇ ಒದಗಿಸುತ್ತಿರುತ್ತದೆ. ರ‍್ಯಾಮಿನವರೆಗೆ ಹೋಗುವ ಸಂದರ್ಭವೇ ಕಡಿಮೆ. ಬೆಂಚ್‌ಮಾರ್ಕ್ ತಂತ್ರಾಂಶದಲ್ಲಿ ಅಂಕಿ ನಾಲ್ಕಾರು ಏರಬಹುದು, ಕೈಗೆ ಕಣ್ಣಿಗೆ ತಿಳಿಯುವುದಿಲ್ಲ.

ಹಾಗಾದರೆ ಹಳೆಯ ಲ್ಯಾಪ್‌ಟಾಪ್ ತೆವಳುವುದು ಏಕೆ?

ಬಹುಪಾಲು ಸಂದರ್ಭಗಳಲ್ಲಿ ರ‍್ಯಾಮ್ ನಿಧಾನವಾಗಿರುವುದಕ್ಕಲ್ಲ, ಸಾಲದಿರುವುದಕ್ಕೆ. 4 ಅಥವಾ 8 ಜಿಬಿ ತುಂಬಿದ ಮೇಲೆ ವಿಂಡೋಸ್ ಸದ್ಯಕ್ಕೆ ಬೇಡದ ಭಾಗವನ್ನು ಡಿಸ್ಕಿಗೆ ಬರೆದಿಡುತ್ತದೆ, ಬೇಕಾದಾಗ ಮತ್ತೆ ತರುತ್ತದೆ. ರ‍್ಯಾಮಿನಿಂದ ತರಲು ಎಲ್ಲ ಸೇರಿ ಸುಮಾರು ನೂರು ನ್ಯಾನೊಸೆಕೆಂಡ್ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 5400 ಸುತ್ತು ತಿರುಗುವ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಸೂಜಿ ಸರಿಯಾದ ಜಾಗಕ್ಕೆ ಹೋಗಿ ಓದಲು ಹತ್ತು ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಹತ್ತು ಮಿಲಿಸೆಕೆಂಡ್ ಎಂದರೆ ಒಂದು ಕೋಟಿ ನ್ಯಾನೊಸೆಕೆಂಡ್. ಒಗ್ಗರಣೆಗೆ ಸಾಸಿವೆ ಬೇಕಾದಾಗಲೆಲ್ಲ ಪಕ್ಕದ ಊರಿನ ಸಂತೆಗೆ ಹೋಗಿ ಬಂದ ಹಾಗೆ. ಇಂಥ ಯಂತ್ರದಲ್ಲಿ 14 ನ್ಯಾನೊಸೆಕೆಂಡನ್ನು 13.75ಕ್ಕೆ ಇಳಿಸಲು ದುಡ್ಡು ಕೊಡುವುದೆಂದರೆ ಏನೆಂದು ನೀವೇ ಯೋಚಿಸಿ.

ನಿಮ್ಮ ಯಂತ್ರಕ್ಕೆ ರ‍್ಯಾಮ್ ಸಾಲುತ್ತಿಲ್ಲವೆ ಎಂದು ತಿಳಿಯಲು ಯಾವ ತಜ್ಞರೂ ಬೇಡ. ನೀವು ದಿನಾ ಮಾಡುವ ಕೆಲಸವನ್ನೆಲ್ಲ ಎಂದಿನಂತೆ ತೆರೆದಿಡಿ. ಬ್ರೌಸರಿನ ಅಷ್ಟೂ ಟ್ಯಾಬ್, ವಾಟ್ಸಾಪ್, ಎಕ್ಸೆಲ್, ಜೂಮ್. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ‘ಪರ್ಫಾರ್ಮೆನ್ಸ್’ ಭಾಗದಲ್ಲಿ ‘ಮೆಮೊರಿ’ ನೋಡಿ. ಅಲ್ಲಿ ‘ಕಮಿಟೆಡ್’ ಎಂದು ಎರಡು ಅಂಕಿ ಇರುತ್ತವೆ. ಮೊದಲನೆಯದು ನಿಮ್ಮ ರ‍್ಯಾಮಿನ ಒಟ್ಟು ಪ್ರಮಾಣವನ್ನು ಸದಾ ಮೀರುತ್ತಿದ್ದು, ಅದೇ ಹೊತ್ತಿಗೆ ‘ಡಿಸ್ಕ್’ ಶೇಕಡಾ 100 ಮುಟ್ಟುತ್ತಿದ್ದರೆ, ರ‍್ಯಾಮ್ ಸಾಲುತ್ತಿಲ್ಲ. 8 ಜಿಬಿಯಲ್ಲಿ ಐದೋ ಆರೋ ಜಿಬಿ ಮಾತ್ರ ಬಳಕೆಯಾಗುತ್ತಿದೆ, ಡಿಸ್ಕ್ ಸುಮ್ಮನಿದೆ, ಆದರೂ ಪ್ರೊಸೆಸರ್ ನೂರಕ್ಕೆ ನೂರು ಓಡುತ್ತಿದೆ ಎಂದರೆ ಹೊಸ ರ‍್ಯಾಮ್ ಏನನ್ನೂ ಮಾಡಲಾರದು. ಫ್ಯಾನಿನ ಧೂಳು, ಒಣಗಿದ ಥರ್ಮಲ್ ಪೇಸ್ಟ್, ಹಿನ್ನೆಲೆಯಲ್ಲಿ ಓಡುವ ಬೇಡದ ತಂತ್ರಾಂಶ ಇವುಗಳ ಕಡೆ ಗಮನ ಹೋಗಬೇಕು.

ಅದೇ ಪುಟದಲ್ಲಿ ಇನ್ನೂ ಮೂರು ವಿಷಯ ಸಿಗುತ್ತವೆ, ಅಂಗಡಿಗೆ ಹೋಗುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ‘ಸ್ಪೀಡ್’ ಈಗ ಓಡುತ್ತಿರುವ ವೇಗ. ‘ಸ್ಲಾಟ್ಸ್ ಯೂಸ್ಡ್’ ಎದುರು ಎರಡರಲ್ಲಿ ಒಂದು ಎಂದಿದ್ದರೆ ಒಂದು ಖಾಲಿ. ‘ಫಾರ್ಮ್ ಫ್ಯಾಕ್ಟರ್’ ಎದುರು ‘ಎಸ್‌ಒಡಿಐಎಂಎಂ’ ಇದ್ದರೆ ಬಿಚ್ಚಿ ಬದಲಿಸುವಂಥ ಸ್ಟಿಕ್. ‘ರೋ ಆಫ್ ಚಿಪ್ಸ್’ ಎಂದಿದ್ದರೆ ಬೋರ್ಡಿಗೇ ಬೆಸುಗೆ ಹಾಕಿದ ರ‍್ಯಾಮ್. ಸಿಪಿಯು-ಜೆಡ್ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿದವರು ಒಂದು ಕಡೆ ಗಾಬರಿಯಾಗುವುದುಂಟು: 2400 ಎಂದು ಕೊಟ್ಟ ಸ್ಟಿಕ್ ಅಲ್ಲಿ 1200 ಎಂದು ಕಾಣಿಸುತ್ತದೆ. ಅಂಗಡಿಯವನು ಮೋಸ ಮಾಡಿಲ್ಲ. ಡಿಡಿಆರ್ ಮೆಮೊರಿ ಗಡಿಯಾರದ ಒಂದು ಹೊಡೆತಕ್ಕೆ ಎರಡು ಸಲ ದತ್ತಾಂಶ ಸಾಗಿಸುತ್ತದೆ. ಆ ತಂತ್ರಾಂಶ ತೋರಿಸುವುದು ಹೊಡೆತಗಳನ್ನು, ಪೆಟ್ಟಿಗೆ ಹೇಳುವುದು ಸಾಗಣೆಗಳನ್ನು.

ಆ ಖಾಲಿ ಸ್ಲಾಟಿನ ವಿಚಾರಕ್ಕೆ ಬರೋಣ. ನನ್ನ ಮಟ್ಟಿಗೆ ಹಳೆಯ ಲ್ಯಾಪ್‌ಟಾಪಿನ ಇಡೀ ರ‍್ಯಾಮ್ ಪುರಾಣದಲ್ಲಿ ಅತಿ ಹೆಚ್ಚು ಬೆಲೆಯುಳ್ಳ ಜಾಗ ಅದೇ. ಈ ಪ್ರೊಸೆಸರುಗಳಿಗೆ ರ‍್ಯಾಮ್ ತಲುಪಲು ಎರಡು ಪ್ರತ್ಯೇಕ ದಾರಿಗಳಿವೆ, ಚಾನೆಲ್ ಎನ್ನುತ್ತಾರೆ. ಒಂದೇ ಸ್ಟಿಕ್ ಇದ್ದರೆ ಒಂದು ಚಾನೆಲ್ ಸುಮ್ಮನೆ ಬಿದ್ದಿರುತ್ತದೆ. ಎರಡನೆಯ ಸ್ಟಿಕ್ ಹಾಕಿದ ಕೂಡಲೇ ಎರಡೂ ದಾರಿಯಲ್ಲಿ ಏಕಕಾಲಕ್ಕೆ ಸಾಗಣೆ ಶುರು. 2400ರಲ್ಲಿ 19.2 ಜಿಬಿ ಇದ್ದದ್ದು 38.4 ಆಗುತ್ತದೆ. 3200ರ ಒಂಟಿ ಸ್ಟಿಕ್ ತನ್ನ ಪೂರ್ತಿ ವೇಗದಲ್ಲಿ ಓಡಿದ್ದರೂ 25.6ಕ್ಕೆ ನಿಲ್ಲುತ್ತಿತ್ತು ಎನ್ನುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ವೇಗ ಹುಡುಕಿಕೊಂಡು ಹೊರಟವರಿಗೆ ಅದು ಸಿಗುವುದು ಎರಡನೆಯ ಸಾಧಾರಣ ಸ್ಟಿಕ್ಕಿನಲ್ಲಿ. ಜೊತೆಗೆ ಪ್ರಮಾಣವೂ 8ರಿಂದ 16ಕ್ಕೆ ಏರುತ್ತದೆ.

ಎರಡೂ ಸ್ಟಿಕ್ ಒಂದೇ ಗಾತ್ರದ್ದಾಗಿರಬೇಕೆಂಬ ನಿಯಮವಿಲ್ಲ, ಇದ್ದರೆ ಒಳ್ಳೆಯದು ಅಷ್ಟೆ. ಇಂಟೆಲ್ ಯಂತ್ರದಲ್ಲಿ 4 ಜಿಬಿಯ ಪಕ್ಕ 8 ಜಿಬಿ ಹಾಕಿದರೆ ಎರಡರಿಂದಲೂ ನಾಲ್ಕು ನಾಲ್ಕು ಜಿಬಿ ಸೇರಿ ಎಂಟು ಜಿಬಿ ಜೋಡಿಯಾಗಿ ಓಡುತ್ತದೆ, ಮಿಕ್ಕ ನಾಲ್ಕು ಒಂಟಿಯಾಗಿ. ಕಂಪನಿ ಬೇರೆ ಬೇರೆಯಾದರೂ ಸಾಮಾನ್ಯವಾಗಿ ನಡೆಯುತ್ತದೆ. ಆದರೆ ವೇಗ ಬೇರೆ ಬೇರೆಯಾದರೆ ಎರಡೂ ನಿಧಾನದ ಸ್ಟಿಕ್ಕಿನ ವೇಗಕ್ಕೆ ಇಳಿಯುತ್ತವೆ. 2133ರ ಹಳೆಯ ಸ್ಟಿಕ್ ಇರುವ 8250ಯು ಯಂತ್ರಕ್ಕೆ ಯಾವ ಸ್ಟಿಕ್ ಸೇರಿಸಿದರೂ ಓಟ 2133ರಲ್ಲೇ. ಇದಕ್ಕೆ ಬೇಸರ ಪಟ್ಟುಕೊಂಡು ಹಳೆಯದನ್ನು ಕಿತ್ತೆಸೆಯುವ ಅಗತ್ಯವಿಲ್ಲ. ಜೋಡಿಯಾದದ್ದರಿಂದ ಸಿಕ್ಕ ಲಾಭದ ಮುಂದೆ ಆ ನಷ್ಟ ಏನೂ ಅಲ್ಲ.

ಎರಡನೆಯ ಚಾನೆಲ್‌ನ ಲಾಭ ಎದ್ದು ಕಾಣುವುದು ಗ್ರಾಫಿಕ್ಸ್‌ನಲ್ಲಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪುಗಳಲ್ಲಿ ಪರದೆಯ ಮೇಲಿನ ಚಿತ್ರವನ್ನೆಲ್ಲ ಮೂಡಿಸುವುದು ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಭಾಗ. ಅದಕ್ಕೆ ಸ್ವಂತ ಮೆಮೊರಿ ಇಲ್ಲ. ನಿಮ್ಮ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಮೊದಲೇ ಹೇಳಿದ ‘ಒಂದೇ ಏಟಿಗೆ ಹತ್ತಾರು ಜಿಬಿ’ ಬೇಡುವ ಅಪರೂಪದ ಕೆಲಸ ಇದೇ. ರೈಜನ್ 3500ಯು ತರಹದ ಯಂತ್ರದಲ್ಲಿ ವೇಗಾ ಗ್ರಾಫಿಕ್ಸ್ ಸಾಕಷ್ಟು ಶಕ್ತಿಯುಳ್ಳದ್ದು, ಆದರೆ ಒಂಟಿ ಸ್ಟಿಕ್ಕಿನಲ್ಲಿ ಅದಕ್ಕೆ ಮೇವು ಸಾಲದೆ ಸೊರಗುತ್ತದೆ. ಮಗ ಅದರಲ್ಲಿ ವ್ಯಾಲೊರಂಟೋ ಜಿಟಿಎ 5ಓ ಆಡುತ್ತಾನೆಂದರೆ ಜೋಡಿ ಸ್ಟಿಕ್ ಹಾಕಿಸಿದ ದಿನವೇ ವ್ಯತ್ಯಾಸ ಹೇಳುತ್ತಾನೆ. ಇಂಟೆಲ್ ಅಂತೂ 11ನೇ ಪೀಳಿಗೆಯಲ್ಲಿ ಇದನ್ನು ಹೆಸರಿಗೇ ಕಟ್ಟಿಹಾಕಿತು. ಐ5-1135ಜಿ7 ಇರುವ ಯಂತ್ರದಲ್ಲಿ ಎರಡೂ ಚಾನೆಲ್ ತುಂಬಿದ್ದರೆ ಗ್ರಾಫಿಕ್ಸ್ ಹೆಸರು ‘ಐರಿಸ್ ಎಕ್ಸ್‌ಇ’; ಒಂದೇ ಚಾನೆಲ್ ಇದ್ದರೆ ಅದೇ ಚಿಪ್ ‘ಯುಎಚ್‌ಡಿ ಗ್ರಾಫಿಕ್ಸ್’. ಜಾಹೀರಾತಿನಲ್ಲಿ ಐರಿಸ್ ಎಂದು ಓದಿ ಕೊಂಡು, ಮನೆಗೆ ತಂದು ನೋಡಿದಾಗ ಯುಎಚ್‌ಡಿ ಎಂದು ಕಂಡು ಪೆಚ್ಚಾದವರಿಗೆ ಉತ್ತರ ಇಲ್ಲಿದೆ, ಪರಿಹಾರವೂ.

ರ‍್ಯಾಮಿನ ವೇಗಕ್ಕೆ ನಿಜವಾಗಿ ಬೆಲೆ ಬರುವುದೂ ಇಂಥ ಯಂತ್ರಗಳಲ್ಲೇ. ಪ್ರೊಸೆಸರ್ 3200ಕ್ಕೆ ಒಗ್ಗುವಂಥದ್ದು, ಕಾರ್ಡ್ ಇಲ್ಲ, ಆಟವೋ ವಿಡಿಯೊ ಎಡಿಟಿಂಗೋ ಮಾಡುತ್ತೀರಿ, ಒಳಗಿರುವುದು 2400 ಅಥವಾ 2666ರ ಸ್ಟಿಕ್. ಆಗ ಎರಡನ್ನೂ 3200ಕ್ಕೆ ಬದಲಿಸಿದರೆ ಸ್ವಲ್ಪ ಫಲವಿದೆ. ಆದರೂ ನನ್ನನ್ನು ಕೇಳಿದರೆ, ಜೋಡಿ ಮಾಡಿದ ಮೇಲೂ ಸಾಲದು ಎನಿಸಿದರೆ ಮಾತ್ರ ಆ ಹೆಜ್ಜೆ.

ಈಗ ಖರೀದಿಯ ಮಾತು. ವಿಚಿತ್ರವೆಂದರೆ, ಇಷ್ಟೆಲ್ಲ ಹೇಳಿದ ಮೇಲೂ ನೀವು ಕೊನೆಗೆ ಮನೆಗೆ ತರುವುದು 3200ರ ಸ್ಟಿಕ್ಕನ್ನೇ ಇರಬಹುದು. ಹೊಸ ಡಿಡಿಆರ್4 ಲ್ಯಾಪ್‌ಟಾಪ್ ರ‍್ಯಾಮ್ ಕೇಳಿದರೆ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಅದೇ. ತೊಂದರೆಯಿಲ್ಲ, ಅದು ತಾನಾಗಿ ಇಳಿದುಕೊಂಡು ಓಡುತ್ತದೆ, ಮುಂದೆ ಬೇರೆ ಯಂತ್ರಕ್ಕೂ ಆದೀತು. 2400 ಮತ್ತು 3200 ಎರಡೂ ಇದ್ದರೆ ಯಾವುದು ಅಗ್ಗವೋ ಅದನ್ನು ತನ್ನಿ. ಹಳೆಯ ಲ್ಯಾಪ್‌ಟಾಪುಗಳಿಂದ ತೆಗೆದ ಬಳಸಿದ ಸ್ಟಿಕ್ಕುಗಳೂ ಸಿಗುತ್ತವೆ. ರ‍್ಯಾಮ್ ಸವೆಯುವ ವಸ್ತುವಲ್ಲ, ಹಾಗಾಗಿ ಬದಲಿಸಿಕೊಡುವ ಮಾತು ಕೊಟ್ಟರೆ ಅವನ್ನು ಕೊಳ್ಳಲು ನಾನು ಹಿಂಜರಿಯುವುದಿಲ್ಲ.

ಸ್ಟಿಕ್ಕಿನ ಚೀಟಿಯನ್ನು ಓದಲು ಕಲಿತರೆ ಅರ್ಧ ಗೆದ್ದಂತೆ. ‘ಪಿಸಿ4-2400ಟಿ’ ಎಂದಿದ್ದರೆ ಡಿಡಿಆರ್4, 2400, ಸಿಎಲ್ 17. ‘ಪಿಸಿ4-3200ಎಎ’ ಎಂದರೆ 3200, ಸಿಎಲ್ 22. ‘ಪಿಸಿ3ಎಲ್-12800’ ಎಂದರೆ ಡಿಡಿಆರ್3ಎಲ್ 1600. ಅಲ್ಲಿನ ದೊಡ್ಡ ಅಂಕಿ ಸೆಕೆಂಡಿಗೆ ಎಷ್ಟು ಎಂಬಿ ಎನ್ನುವುದು, ಬಸ್ ಅಲ್ಲ. ಚೀಟಿಯ ಇನ್ನೊಂದು ಮೂಲೆಯಲ್ಲಿ ‘1ಆರ್‌ಎಕ್ಸ್8’ ಅಥವಾ ‘1ಆರ್‌ಎಕ್ಸ್16’ ಎಂದಿರುತ್ತದೆ. ಇದನ್ನು ಯಾರೂ ನೋಡುವುದಿಲ್ಲ, ನೋಡಬೇಕು. 8 ಜಿಬಿಯ ಡಿಡಿಆರ್4 ಸ್ಟಿಕ್ಕಿನಲ್ಲಿ ಎಂಟು ಚಿಪ್ ಇರುವುದು ಮೊದಲ ಬಗೆ, ನಾಲ್ಕೇ ಚಿಪ್ ಇರುವುದು ಎರಡನೆಯದು. ಎರಡನೆಯದರಲ್ಲಿ ಚಿಪ್‌ನೊಳಗಿನ ಬ್ಯಾಂಕ್ ಗುಂಪುಗಳು ಅರ್ಧ. ಒಂದು ಗುಂಪು ಬಿಡುವಾಗುವವರೆಗೆ ಇನ್ನೊಂದರಿಂದ ತರುವ ಅವಕಾಶ ಅದರಲ್ಲಿ ಕಡಿಮೆ. ಹಾಗಾಗಿ ಪೆಟ್ಟಿಗೆಯ ಮೇಲೆ ಒಂದೇ 3200 ಬರೆದಿದ್ದರೂ ನಾಲ್ಕು ಚಿಪ್‌ನದು ತುಸು ಹಿಂದೆ. ಬೆಲೆ ಒಂದೇ ಆಗಿದ್ದರೆ ಎಂಟು ಚಿಪ್‌ನದನ್ನೇ ಕೇಳಿ ತನ್ನಿ.

ಡಿಡಿಆರ್3 ಕಾಲದ ಯಂತ್ರವಿದ್ದವರು ಒಂದು ಎಚ್ಚರ ವಹಿಸಬೇಕು. ಮೂಲ ಡಿಡಿಆರ್3 ಓಡುವುದು 1.5 ವೋಲ್ಟ್‌ನಲ್ಲಿ, ಡಿಡಿಆರ್3ಎಲ್ 1.35ರಲ್ಲಿ. ನೋಡಲು ಎರಡೂ ಒಂದೇ, ಸ್ಲಾಟಿಗೂ ಕೂರುತ್ತವೆ. ಆದರೆ ಇಂಟೆಲ್ 4ನೇ ಪೀಳಿಗೆಯಿಂದೀಚಿನ ಲ್ಯಾಪ್‌ಟಾಪುಗಳಲ್ಲಿ ಬಹುಪಾಲಿಗೆ ‘ಎಲ್’ ಇರುವುದೇ ಬೇಕು, ಇಲ್ಲದಿದ್ದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಇನ್ನೊಂದು, 4ನೇ ಪೀಳಿಗೆಯವು ಒಂದು ಸ್ಲಾಟಿಗೆ 8 ಜಿಬಿಗಿಂತ ದೊಡ್ಡ ಸ್ಟಿಕ್ ಒಪ್ಪುವುದಿಲ್ಲ. 16 ಜಿಬಿಯ ಡಿಡಿಆರ್3ಎಲ್ ಸ್ಟಿಕ್ 5ನೇ ಪೀಳಿಗೆಯಿಂದ ಮುಂದಿನವಕ್ಕೆ. ಡಿಡಿಆರ್3ರ ಜಾಗಕ್ಕೆ ಡಿಡಿಆರ್4 ಹಾಕುವ ಪ್ರಶ್ನೆಯೇ ಇಲ್ಲ. ಒಂದಕ್ಕೆ 204 ಪಿನ್, ಇನ್ನೊಂದಕ್ಕೆ 260. ಕಚ್ಚು ಇರುವ ಜಾಗವೂ ಬೇರೆ.

ಬೆಸುಗೆ ಹಾಕಿದ ರ‍್ಯಾಮ್ ಇರುವವರಿಗೆ ಈ ಲೇಖನದಿಂದ ಉಪಯೋಗವಿಲ್ಲ. ಮ್ಯಾಕ್‌ಬುಕ್ ಏರ್ ಎಲ್ಲವೂ, 2012ರಲ್ಲಿ ಬಂದ ರೆಟಿನಾ ಮ್ಯಾಕ್‌ಬುಕ್ ಪ್ರೊನಿಂದ ಈಚಿನ ಆ ಸಾಲಿನವೂ ಈ ಜಾತಿ. ಥಿಂಕ್‌ಪ್ಯಾಡಿನಲ್ಲೂ ಟಿ480ಗೆ ಎರಡು ಸ್ಲಾಟ್ ಇದ್ದರೆ, ಹೆಸರಿನ ಕೊನೆಗೆ ಒಂದು ‘ಎಸ್’ ಸೇರಿದ ಟಿ480ಎಸ್‌ಗೆ ಒಂದೇ ಸ್ಲಾಟ್, ಮಿಕ್ಕದ್ದು ಬೋರ್ಡಿನ ಮೇಲೆ. ಅದೇ ವರ್ಷದ ಎಕ್ಸ್280ಗೆ ಸ್ಲಾಟೇ ಇಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಈ ಒಂದಕ್ಷರ ಗಮನಿಸಿ.

ಯಂತ್ರದಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದು, ಒಂದಕ್ಕೆ ಮಾತ್ರ ದುಡ್ಡಿದ್ದರೆ ಮೊದಲು ಎಸ್‌ಎಸ್‌ಡಿ. ಇದರಲ್ಲಿ ಎರಡು ಮಾತಿಲ್ಲ. 4 ಜಿಬಿ ರ‍್ಯಾಮ್ ಇರುವ ಯಂತ್ರಕ್ಕೂ ಅದೇ ಮೊದಲು. ಮೇಲೆ ಹೇಳಿದ ಒಂದು ಕೋಟಿ ನ್ಯಾನೊಸೆಕೆಂಡ್ ಸಾಮಾನ್ಯ ಸಾಟಾ ಎಸ್‌ಎಸ್‌ಡಿಯಲ್ಲಿ ಒಂದು ಲಕ್ಷದ ಆಸುಪಾಸಿಗೆ ಇಳಿಯುತ್ತದೆ.

ಎಷ್ಟು ಜಿಬಿ ಬೇಕು ಎಂಬುದಕ್ಕೆ ಉತ್ತರ ಕೆಲಸದ ಮೇಲೆ. ಬರವಣಿಗೆ, ಟ್ಯಾಲಿ, ಮಿತವಾದ ಬ್ರೌಸಿಂಗ್ ಮಾಡುವವರಿಗೆ 8 ಜಿಬಿ ಇವತ್ತಿಗೂ ನಡೆಯುತ್ತದೆ, ಅದು ನಾಲ್ಕು ನಾಲ್ಕರ ಜೋಡಿಯಾಗಿದ್ದರೆ ಇನ್ನೂ ಚೆನ್ನ. ಟ್ಯಾಬ್‌ಗಳನ್ನು ಮುಚ್ಚುವ ಅಭ್ಯಾಸವಿಲ್ಲದವರಿಗೆ, ಫೋಟೊಶಾಪ್ ಬಳಸುವವರಿಗೆ, ಕೋಡಿಂಗ್ ಕಲಿಯುವ ವಿದ್ಯಾರ್ಥಿಗಳಿಗೆ 16. ಅದರಾಚೆಗೆ 32 ಬೇಕಾದವರಿಗೆ ತಮಗೆ ಅದು ಏಕೆ ಬೇಕೆಂದು ಗೊತ್ತಿರುತ್ತದೆ.

ದುಡ್ಡು ಬಿಚ್ಚುವ ಮೊದಲು ಇನ್ನೆರಡು ಲೆಕ್ಕ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಒಗ್ಗುವುದು ಹೆಚ್ಚುಕಡಿಮೆ ಇಂಟೆಲ್ 8ನೇ ಪೀಳಿಗೆಯಿಂದ ಈಚೆಗೆ. ಟಿ480 ಆ ಗೆರೆಯ ಈಚೆ ಇದೆ. 7200ಯು ಇರುವ ಯಂತ್ರ ಆಚೆ. ಎಎಂಡಿಯ 2500ಯು ಕೂಡ ಆಚೆಯೇ. ಆಚೆ ಇರುವ ಯಂತ್ರಕ್ಕೆ ಲಿನಕ್ಸ್ ಹಾಕಿಕೊಳ್ಳುವ ಮನಸ್ಸಿದ್ದರೆ ರ‍್ಯಾಮಿನ ಖರ್ಚಿಗೆ ಅರ್ಥವಿದೆ. ಅದರಲ್ಲಿ 8 ಜಿಬಿಗೇ ಹಾಯಾಗಿ ಓಡುತ್ತದೆ. ವಿಂಡೋಸೇ ಬೇಕು ಎನ್ನುವವರು ಆ ದುಡ್ಡನ್ನು ಮುಂದಿನ ಯಂತ್ರಕ್ಕೆ ಉಳಿಸಿಡುವುದು ವಾಸಿ.

ಇನ್ನೊಂದು ಬೆಲೆಯದು. 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಜಿಗಿದಿದೆ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮೊರಿಯನ್ನು ನುಂಗುತ್ತಿವೆ, ತಯಾರಕರು ಹೆಚ್ಚು ಲಾಭದ ಆ ಕಡೆಗೆ ವಾಲಿದ್ದಾರೆ, ಹಳೆಯ ಡಿಡಿಆರ್4 ತಯಾರಿಕೆ ಕುಗ್ಗುತ್ತಿದೆ. ಮೈಕ್ರಾನ್ ಕಂಪನಿಯಂತೂ ನಮ್ಮ ಅಂಗಡಿಗಳಲ್ಲಿ ಚಿರಪರಿಚಿತವಾಗಿದ್ದ ತನ್ನ ಕ್ರೂಶಿಯಲ್ ಬ್ರ್ಯಾಂಡಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರಿನಲ್ಲಿ ಘೋಷಿಸಿತು. ಇಂಥ ಹೊತ್ತಿನಲ್ಲಿ ಇರುವ ಒಳ್ಳೆಯ 8 ಜಿಬಿ ಸ್ಟಿಕ್ಕನ್ನು ತೆಗೆದು ಅಷ್ಟೇ ಗಾತ್ರದ ‘ವೇಗದ’ ಸ್ಟಿಕ್ ಹಾಕಿಸುವುದು ಮೊದಲಿಗಿಂತಲೂ ದುಬಾರಿಯ ಹುಚ್ಚು. ಇರುವುದನ್ನು ಉಳಿಸಿಕೊಂಡು ಪಕ್ಕಕ್ಕೆ ಒಂದನ್ನು ಸೇರಿಸಿ.

ಹಾಕುವ ಕೆಲಸ ಸ್ಕ್ರೂಡ್ರೈವರ್ ಹಿಡಿದ ಅಭ್ಯಾಸವಿರುವ ಯಾರಿಗೂ ಕಷ್ಟವಲ್ಲ. ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು ಶುರು ಮಾಡಿ. ಟಿ480ಗೆ ಹೊರಗಿನ ಬ್ಯಾಟರಿಯಲ್ಲದೆ ಒಳಗೂ ಒಂದು ಇದೆ. ಮೊದಲು ಬಯೋಸ್‌ಗೆ ಹೋಗಿ ಪವರ್ ವಿಭಾಗದಲ್ಲಿ ಒಳಬ್ಯಾಟರಿಯನ್ನು ನಿಷ್ಕ್ರಿಯ ಮಾಡುವ ಆಯ್ಕೆ ಒತ್ತಬೇಕು. ಮೈಯಲ್ಲಿನ ಸ್ಥಾಯಿ ವಿದ್ಯುತ್ ಇಳಿಯಲು ಯಾವುದಾದರೂ ಲೋಹದ ವಸ್ತು ಮುಟ್ಟಿ, ಸ್ಟಿಕ್ಕನ್ನು ಅಂಚುಗಳಲ್ಲಿ ಹಿಡಿಯಿರಿ, ಚಿನ್ನದ ಬಣ್ಣದ ಪಟ್ಟಿಗೆ ಬೆರಳು ತಾಗಿಸಬೇಡಿ. ಓರೆಯಾಗಿ ಪೂರ್ತಿ ಒಳಗೆ ತಳ್ಳಿ, ಆಮೇಲೆ ಕೆಳಕ್ಕೆ ಅದುಮಿದರೆ ಎರಡೂ ಬದಿಯ ಕೊಂಡಿಗಳು ಟಕ್ಕೆಂದು ಕಚ್ಚಿಕೊಳ್ಳುತ್ತವೆ. ಅರ್ಧಂಬರ್ಧ ಕೂರಿಸಿ ‘ರ‍್ಯಾಮ್ ಕೆಟ್ಟಿದೆ’ ಎಂದು ಅಂಗಡಿಗೆ ವಾಪಸ್ ಒಯ್ಯುವವರೇ ಹೆಚ್ಚು. ಮೊದಲ ಸಲ ಆನ್ ಮಾಡಿದಾಗ ಪರದೆ ಸ್ವಲ್ಪ ಹೊತ್ತು ಕಪ್ಪಾಗಿರಬಹುದು. ಯಂತ್ರ ಹೊಸ ಸ್ಟಿಕ್ಕನ್ನು ಅಳೆದು ನೋಡುತ್ತಿರುತ್ತದೆ, ಆಫ್ ಮಾಡಬೇಡಿ.

ಆನ್ ಆಯಿತೆಂದರೆ ಕೆಲಸ ಮುಗಿಯಲಿಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ಒಟ್ಟು ಜಿಬಿ, ವೇಗ, ಎರಡೂ ಸ್ಲಾಟ್ ತುಂಬಿದೆ ಎಂಬುದನ್ನು ನೋಡಿ. ಎರಡೂ ನಿಜವಾಗಿ ಜೋಡಿಯಾಗಿ ಓಡುತ್ತಿವೆಯೇ ಎಂಬುದು ಸಿಪಿಯು-ಜೆಡ್‌ನ ‘ಮೆಮೊರಿ’ ಪುಟದಲ್ಲಿ ಚಾನೆಲ್ ಎಂಬಲ್ಲಿ ಕಾಣುತ್ತದೆ. ಆಮೇಲೆ ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿ. ಬಳಸಿದ ಸ್ಟಿಕ್ ತಂದಿದ್ದರೆ ಮೆಮ್‌ಟೆಸ್ಟ್86 ಅನ್ನು ಪೆನ್ ಡ್ರೈವಿಗೆ ಹಾಕಿಕೊಂಡು ರಾತ್ರಿಯಿಡೀ ಬಿಡಿ. ಒಂದೇ ಒಂದು ದೋಷ ಕಂಡರೂ ಬೆಳಿಗ್ಗೆ ಬಿಲ್ ಸಮೇತ ಅಂಗಡಿಗೆ ಹೋಗಿ ಬದಲಿಸಿಕೊಳ್ಳಿ. ಹಾಳಾದ ರ‍್ಯಾಮ್ ಯಂತ್ರವನ್ನು ಹ್ಯಾಂಗ್ ಮಾಡಿ ಸುಮ್ಮನಾಗುವುದಿಲ್ಲ, ಸೇವ್ ಮಾಡುವ ಫೈಲುಗಳನ್ನೂ ಸದ್ದಿಲ್ಲದೆ ಕೆಡಿಸುತ್ತದೆ.